ಸೂರ್ಯನ ಮೇಲೆ ಕಣ್ಣಿಡೋಕೆ 15 ಲಕ್ಷ ಕಿಲೋಮೀಟರ್ ದೂರ ಯಾಕೆ?

ಆದಿತ್ಯ-ಎಲ್1 ಅಂದ ತಕ್ಷಣ ನನ್ನ ಇನ್‌ಬಾಕ್ಸ್‌ಗೆ ಬರೋ ಮೊದಲ ಪ್ರಶ್ನೆ, "ಸೂರ್ಯನ ಅಷ್ಟು ಹತ್ತಿರ ಹೋದ್ರೆ ಸುಟ್ಟು ಹೋಗಲ್ವಾ?" ಇಲ್ಲ. ಯಾಕಂದ್ರೆ ಅದು ಹತ್ತಿರ ಹೋಗೇ ಇಲ್ಲ. ಇಲ್ಲಿಂದ ಸೂರ್ಯನಿಗೆ ಸುಮಾರು 15 ಕೋಟಿ ಕಿಲೋಮೀಟರ್. ಆದಿತ್ಯ ಇರೋದು ನಮ್ಮಿಂದ ಬರೀ 15 ಲಕ್ಷ ಕಿಲೋಮೀಟರ್ ದೂರದಲ್ಲಿ. ನೂರು ರೂಪಾಯಿ ಟಿಕೆಟ್‌ನ ದಾರಿಯಲ್ಲಿ ಒಂದು ರೂಪಾಯಿಯಷ್ಟು ಹೋಗಿ ಇಳಿದ ಹಾಗೆ. (ಕಾಮರ್ಸ್ ಓದಿದವಳು ನಾನು, ಉದಾಹರಣೆ ಹೀಗೇ ಬರೋದು!)

ಹಾಗಾದ್ರೆ 2023ರ ಸೆಪ್ಟೆಂಬರ್ 2ರಂದು ಶ್ರೀಹರಿಕೋಟದಿಂದ ಹೊರಟು, ನಾಲ್ಕು ತಿಂಗಳು ಪ್ರಯಾಣ ಮಾಡಿ, 2024ರ ಜನವರಿ 6ಕ್ಕೆ ಅಲ್ಲಿಗೆ ಸೇರಿದ್ದು ಯಾಕೆ? ಕಣ್ಣು ಮಿಟುಕಿಸದೆ ನೋಡೋಕೆ. ಭೂಮಿಯ ಮೇಲಿದ್ರೆ ಮೋಡ ಅಡ್ಡ, ರಾತ್ರಿ ಅಡ್ಡ. ಭೂಮಿಯನ್ನ ಹತ್ತಿರದಿಂದ ಸುತ್ತೋ ಉಪಗ್ರಹಕ್ಕೂ ಆಗಾಗ ಭೂಮಿಯೇ ಅಡ್ಡ ಬರುತ್ತೆ. ಎಲ್1 ಅನ್ನೋ ಜಾಗದಲ್ಲಿ ಇದ್ಯಾವುದೂ ಇಲ್ಲ.

ಆ ಜಾಗದ ಗುಟ್ಟು ಇಷ್ಟೆ. ಸೂರ್ಯನಿಗೆ ಹತ್ತಿರ ಇರೋ ವಸ್ತು ಭೂಮಿಗಿಂತ ಬೇಗ ಸುತ್ತು ಮುಗಿಸಬೇಕು. ಆದ್ರೆ ಎಲ್1ನಲ್ಲಿ ಭೂಮಿ ಹಿಂದಿನಿಂದ ಎಳೆಯೋದ್ರಿಂದ ಸೂರ್ಯನ ಸೆಳೆತ ಸ್ವಲ್ಪ ಕಡಿಮೆಯಾಗಿ, ನೌಕೆಯೂ ನಮ್ಮ ಜೊತೆಗೇ ವರ್ಷಕ್ಕೊಂದು ಸುತ್ತು ಹಾಕುತ್ತೆ. ಹಾಗಂತ ಅಲ್ಲಿ ಆರಾಮಾಗಿ ಕೂತಿರೋಕಾಗಲ್ಲ. ಗುಡ್ಡದ ತುದಿಯಲ್ಲಿಟ್ಟ ಗೋಲಿ ಥರ, ಸ್ವಲ್ಪ ಅಲುಗಿದ್ರೂ ಜಾರುತ್ತೆ. ಅದಕ್ಕೇ ಆಗಾಗ ಇಂಜಿನ್ ಉರಿಸಿ ದಾರಿ ಸರಿಮಾಡಬೇಕು. ಅದೂ ಅಲ್ಲದೆ ಸರಿಯಾಗಿ ಎಲ್1 ಬಿಂದುವಲ್ಲೇ ನಿಂತ್ರೆ ನೌಕೆಯ ಹಿಂದೆಯೇ ಸೂರ್ಯ ಇರ್ತಾನೆ, ಅವನ ರೇಡಿಯೋ ಗದ್ದಲದಲ್ಲಿ ನೌಕೆಯ ಸಿಗ್ನಲ್ ಕೇಳಿಸಲ್ಲ. ಹಾಗಾಗಿ ಆದಿತ್ಯ ಆ ಬಿಂದುವಿನ ಸುತ್ತ ದೊಡ್ಡದೊಂದು ಸುತ್ತು ಹಾಕ್ತಿರುತ್ತೆ, ಒಂದು ಸುತ್ತಿಗೆ ಸುಮಾರು 178 ದಿನ.

ಈಗ ನನಗೆ ಇಷ್ಟವಾದ ಭಾಗಕ್ಕೆ ಬರೋಣ. ಸೂರ್ಯನನ್ನ ನೋಡೋಕಿರೋ ದೊಡ್ಡ ತೊಂದರೆ ಏನು ಗೊತ್ತಾ? ಬೆಳಕು ಜಾಸ್ತಿ! ವಿಜ್ಞಾನಿಗಳಿಗೆ ಬೇಕಾಗಿರೋದು ಸೂರ್ಯನ ಹೊರಗಿನ ತೆಳು ವಾತಾವರಣ, ಕರೋನಾ. ನಮಗೆ ಕಾಣೋ ಸೂರ್ಯನ ಮೈ ಸುಮಾರು 5,500 ಡಿಗ್ರಿ ಬಿಸಿ, ಆದ್ರೆ ಅದರಿಂದ ಹೊರಗಿರೋ ಕರೋನಾ 10 ಲಕ್ಷ ಡಿಗ್ರಿಗೂ ಹೆಚ್ಚು. ಒಲೆಯಿಂದ ದೂರ ಸರಿದಷ್ಟೂ ಬಿಸಿ ಹೆಚ್ಚಾದ್ರೆ ಹೇಗಿರುತ್ತೆ, ಹಾಗೆ. ಯಾಕೆ ಹೀಗೆ ಅನ್ನೋದಕ್ಕೆ ಪೂರ್ತಿ ಉತ್ತರ ಇನ್ನೂ ಸಿಕ್ಕಿಲ್ಲ. ಮತ್ತೆ ಕರೋನಾ ಎಷ್ಟು ಮಂಕು ಅಂದ್ರೆ ಸೂರ್ಯನ ಬೆಳಕಿನ ಹತ್ತು ಲಕ್ಷದಲ್ಲಿ ಒಂದು ಪಾಲು. ಬಸ್ಸಿನ ಹೈಬೀಮ್ ಪಕ್ಕದಲ್ಲೇ ಹಾರ್ತಿರೋ ಮಿಣುಕುಹುಳ ಹುಡುಕಿದಂಗೆ.

ಖಗ್ರಾಸ ಗ್ರಹಣದಲ್ಲಿ ಮಾತ್ರ ಅದು ಬರಿಗಣ್ಣಿಗೆ ಕಾಣುತ್ತೆ. 1980ರ ಫೆಬ್ರವರಿ 16ರಂದು ಹುಬ್ಬಳ್ಳಿ, ರಾಯಚೂರು ಕಡೆ ಕಂಡಿತ್ತು, ಅದೂ ಮೂರು ನಿಮಿಷಕ್ಕಿಂತ ಕಡಿಮೆ. ಆದಿತ್ಯದ ಮುಖ್ಯ ಉಪಕರಣ ವಿಇಎಲ್‌ಸಿ ಮಾಡೋದು ಅದನ್ನೇ, ತನ್ನೊಳಗೇ ಗ್ರಹಣ ಸೃಷ್ಟಿಸೋದು. ಸೂರ್ಯನ ಬಿಂಬದ ಬೆಳಕು ಒಳಗಿನ ಕನ್ನಡಿಯ ರಂಧ್ರದ ಮೂಲಕ ಹೊರಗೆ ಹೋಗುತ್ತೆ, ಸುತ್ತಲಿನ ಕರೋನಾ ಬೆಳಕು ಮಾತ್ರ ಮುಂದೆ ಸಾಗುತ್ತೆ. ಒಂದು ಧೂಳಿನ ಕಣ ಕೂತರೂ ಬೆಳಕು ಚೆದುರಿ ಚಿತ್ರ ಹಾಳು. ಅದಕ್ಕೇ ಬೆಂಗಳೂರಿನ ಭಾರತೀಯ ಖಭೌತ ಸಂಸ್ಥೆಯವರು ಹೊಸಕೋಟೆಯ ಕ್ಯಾಂಪಸ್‌ನಲ್ಲಿ, ಧೂಳೇ ಇಲ್ಲದ ಕೋಣೆಯೊಳಗೆ ಇದನ್ನ ಜೋಡಿಸಿದ್ರು. ಹೊಸಕೋಟೆ ಹೈವೇ ಧೂಳು ಕುಡಿದಿರೋರಿಗೆ ಈ ಮಾತಿನ ತೂಕ ಗೊತ್ತಾಗುತ್ತೆ!

ಇಷ್ಟೆಲ್ಲ ಮಾಡಿ ನಮಗೇನು ಲಾಭ? ಕರೋನಾದಿಂದ ಆಗಾಗ ಕೋಟ್ಯಂತರ ಟನ್ ಪ್ಲಾಸ್ಮಾ ತನ್ನ ಕಾಂತಕ್ಷೇತ್ರದ ಸಮೇತ ಸಿಡಿಯುತ್ತೆ. ಭೂಮಿ ಕಡೆ ಬಂದ್ರೆ ಸಾಮಾನ್ಯವಾಗಿ ಒಂದರಿಂದ ಮೂರು ದಿನದಲ್ಲಿ ತಲುಪುತ್ತೆ. 1989ರ ಮಾರ್ಚ್‌ನಲ್ಲಿ ಇಂಥದ್ದೊಂದು ಹೊಡೆತಕ್ಕೆ ಕೆನಡಾದ ಕ್ವಿಬೆಕ್‌ನಲ್ಲಿ ಸುಮಾರು 60 ಲಕ್ಷ ಜನಕ್ಕೆ ಒಂಬತ್ತು ಗಂಟೆ ಕರೆಂಟ್ ಇರಲಿಲ್ಲ. 2024ರ ಮೇ ತಿಂಗಳ ಬಿರುಗಾಳಿ ನೆನಪಿದೆಯಾ? ಲಡಾಖ್‌ನ ಹಾನ್ಲೆಯಲ್ಲಿ ಆಕಾಶ ಕೆಂಪಾದ ಫೋಟೋ ನಮ್ಮೆಲ್ಲರ ಫೋನಿಗೂ ಬಂದಿತ್ತು.

ಸಿಡಿದದ್ದು ಕ್ಯಾಮೆರಾಗೆ ಕಾಣುತ್ತೆ. ಆದ್ರೆ ಹೊಡೆತ ಎಷ್ಟು ಜೋರು ಅನ್ನೋದು ಅದರೊಳಗಿನ ಕಾಂತಕ್ಷೇತ್ರದ ದಿಕ್ಕಿನ ಮೇಲೆ ನಿಂತಿದೆ. ದಕ್ಷಿಣಕ್ಕೆ ತಿರುಗಿದ್ರೆ ಭೂಮಿಯ ಕಾಂತಕ್ಷೇತ್ರದ ಜೊತೆ ಬೆಸೆದುಕೊಂಡು ಒಳಗೆ ಶಕ್ತಿ ಸುರಿಯುತ್ತೆ, ಉತ್ತರಕ್ಕಿದ್ರೆ ಬಹುಪಾಲು ಪಕ್ಕದಲ್ಲೇ ಜಾರಿ ಹೋಗುತ್ತೆ. ಆ ದಿಕ್ಕು ನಿಖರವಾಗಿ ತಿಳಿಯೋದು ಮೋಡ ಎಲ್1ಗೆ ಬಂದು ತಾಗಿದಾಗಲೇ. ಅದನ್ನ ಅಳೆಯೋ ಕಾಂತಮಾಪಕವನ್ನ ನೌಕೆಯ ಸ್ವಂತ ವೈರಿಂಗ್ ಗೊಂದಲ ಮಾಡದಿರಲಿ ಅಂತ 6 ಮೀಟರ್ ಉದ್ದದ ತೋಳಿನ ಮೇಲೆ ಇಟ್ಟಿದ್ದಾರೆ. ಅಲ್ಲಿಂದ ರೇಡಿಯೋ ಸಂದೇಶ ಬರೋಕೆ ಐದು ಸೆಕೆಂಡ್ ಸಾಕು. ವೇಗವಾಗಿ, ಸೆಕೆಂಡಿಗೆ 800 ಕಿಲೋಮೀಟರ್‌ನಲ್ಲಿ ಬರೋ ಮೋಡಕ್ಕೆ ಬೇಕಾಗೋದು ಅರ್ಧ ಗಂಟೆ ಚಿಲ್ಲರೆ. ಗ್ರಿಡ್ ನೋಡಿಕೊಳ್ಳೋರಿಗೆ, ಉಪಗ್ರಹ ನಡೆಸೋರಿಗೆ ಸಿಗೋ ಖಚಿತ ಎಚ್ಚರಿಕೆ ಅಷ್ಟೇ. ಅದನ್ನ ಅರ್ಧ ಗಂಟೆಯಿಂದ ಅರ್ಧ ದಿನಕ್ಕೆ ಎಳೀಬೇಕು ಅಂದ್ರೆ ಕರೋನಾದಲ್ಲೇ, ಹೊರಡೋ ಮೊದಲೇ, ಆ ಕಾಂತಕ್ಷೇತ್ರವನ್ನ ಅಳೀಬೇಕು. ವಿಇಎಲ್‌ಸಿಗೆ ಕೊಟ್ಟಿರೋ ಕೆಲಸಗಳಲ್ಲಿ ತುಂಬ ಕಷ್ಟದ್ದು ಇದೇ.