ಬಿಸಿನೀರಿನ ಮೂರ್ಛೆಯೂ ಮಿದುಳಿನ ಬಾಗಿಲೂ

ಸುವರ್ಣ ಮಹೋತ್ಸವದ ಸಂಚಿಕೆಗೆ ವಿಜ್ಞಾನದ ಲೇಖನವೊಂದನ್ನು ಬರೆದುಕೊಡಿರೆಂದು ಸಂಪಾದಕ ಮಿತ್ರರು ಕೇಳಿದಾಗ ನನಗೆ ನೆನಪಾದವನು ಒಬ್ಬ ಹುಡುಗ. ರಾಯದುರ್ಗದವನಾದ ನಾನು ಆಗ ಮಡಕಶಿರಾ ಸೀಮೆಯ ಕನ್ನಡ ಶಾಲೆಯೊಂದರಲ್ಲಿ ಉಪಾಧ್ಯಾಯನಾಗಿದ್ದೆ. (ಅನಂತಪುರ ಜಿಲ್ಲೆಯಲ್ಲಿದ್ದ ಮಡಕಶಿರಾ 2022ರಿಂದ ಶ್ರೀ ಸತ್ಯಸಾಯಿ ಜಿಲ್ಲೆಗೆ ಸೇರಿದೆ.) ಹಂಡೆಯ ಬಿಸಿನೀರನ್ನು ತಲೆಗೆ ಎರೆದೊಡನೆ ಆ ಹುಡುಗನಿಗೆ ಮೂರ್ಛೆ ಬರುತ್ತಿತ್ತು. ಮನೆಯವರು ಕೈಗೆ ಬೀಗದಕೈ ಹಿಡಿಸುತ್ತಿದ್ದರು. ಊರವರು ಗಾಳಿ ಸೋಕಿದೆಯೆಂದರು. ನಾಲ್ಕಕ್ಷರ ಓದಿದ್ದ ನಾನು ಮಾಡಿದ್ದಾದರೂ ಏನು? ಕೆಲವು ದಿನ ಮನೆಯಲ್ಲಿಯೇ ಇರಿಸಿಕೊಳ್ಳಿರೆಂದು ತಂದೆಗೆ ಹೇಳಿದೆ. ಅವನು ಮರಳಿ ಶಾಲೆಗೆ ಬರಲಿಲ್ಲ.

ಇದಕ್ಕೆ ವೈದ್ಯಶಾಸ್ತ್ರದಲ್ಲಿ ‘ಬಿಸಿನೀರಿನ ಅಪಸ್ಮಾರ’ ಎಂದೇ ಹೆಸರು. ದಕ್ಷಿಣ ಕರ್ನಾಟಕದ ಸೀಮೆಯಲ್ಲಿ ಇದು ವಿಶೇಷವಾಗಿ ಕಂಡುಬರುತ್ತದೆ. ಬೆಂಗಳೂರಿನ ಡಾ. ಕೆ. ಎಸ್. ಮಣಿ, ನಿಮ್ಹಾನ್ಸ್‌ನ ಡಾ. ಪಿ. ಸತೀಶ್ಚಂದ್ರ ಮೊದಲಾದವರು ಇದನ್ನು ದೀರ್ಘಕಾಲ ಅಭ್ಯಸಿಸಿದ್ದಾರೆ. ಅನೇಕರಿಗೆ ನೀರಿನ ಬಿಸಿಯನ್ನು ತಗ್ಗಿಸಿದರೆ ಸಾಕು. ಸಾಲದಿದ್ದರೆ, ವೈದ್ಯರ ಸಲಹೆಯಂತೆ, ತಲೆಸ್ನಾನಕ್ಕೆ ಒಂದೂವರೆ–ಎರಡು ಗಂಟೆ ಮೊದಲು ಕ್ಲೊಬಜಾಮ್ ಎಂಬ ಮಾತ್ರೆ.

ಈ ಮಾತ್ರೆ ಮಿದುಳಿನಲ್ಲಿ ಎಲ್ಲಿ ಹೋಗಿ ಕುಳಿತುಕೊಳ್ಳುತ್ತದೆ? ನರಕೋಶಗಳು ರಾಸಾಯನಿಕಗಳ ಮೂಲಕ ಪರಸ್ಪರ ಸಂದೇಶ ಕಳುಹಿಸುತ್ತವೆ. ‘ಸಾಕು, ಸುಮ್ಮನಿರು’ ಎಂದು ಹೇಳುವ ರಾಸಾಯನಿಕಕ್ಕೆ ಗಾಬಾ ಎಂದು ಹೆಸರು. ಅದು ಬಂದು ತಟ್ಟುವ ಬಾಗಿಲೇ ಗ್ರಾಹಿ. ಬಾಗಿಲು ತೆರೆದರೆ ಕ್ಲೋರೈಡ್ ಕಣಗಳು ಒಳನುಗ್ಗಿ ಕೋಶದ ಉದ್ರೇಕ ತಗ್ಗುತ್ತದೆ. ಮಾತ್ರೆಯು ಗಾಬಾದ ಈ ಕೆಲಸಕ್ಕೆ ಬಲ ಕೊಡುತ್ತದೆ.

ಈ ಬಾಗಿಲು ಯಾವ ಯಾವ ಪ್ರೋಟೀನುಗಳಿಂದಾದದ್ದು ಎಂಬುದನ್ನು ಪತ್ತೆಹಚ್ಚಿದ ಕಥೆ ಸೊಗಸಾಗಿದೆ. 1983ರಲ್ಲಿ ಲಂಡನ್ನಿನ ಎರಿಕ್ ಬರ್ನಾರ್ಡ್ ಅವರ ತಂಡವು ಇದೇ ಜಾತಿಯ ಔಷಧವನ್ನು ಸಣ್ಣ ಮಣಿಗಳಿಗೆ ಅಂಟಿಸಿ, ಜಾನುವಾರುಗಳ ಮಿದುಳಿನ ಸಾರವನ್ನು ಅದರ ಮೇಲೆ ಹರಿಸಿತು. ನಮ್ಮ ಹುಡುಗರು ಮರಳಿನಲ್ಲಿ ಅಯಸ್ಕಾಂತ ಆಡಿಸಿ ಕಬ್ಬಿಣದ ಹುಡಿ ಹಿಡಿಯುತ್ತಿದ್ದರಲ್ಲ, ಹಾಗೆ! ಗ್ರಾಹಿ ಅಂಟಿಕೊಂಡಿತು, ಉಳಿದದ್ದು ತೊಳೆದುಹೋಯಿತು. ಅದನ್ನು ಬಿಡಿಸಿ ನೋಡಿದಾಗ ಆಲ್ಫಾ, ಬೀಟಾ ಎಂಬ ಎರಡು ಉಪಘಟಕಗಳು ಕಂಡವು. 1987ರಲ್ಲಿ ಅವುಗಳ ಜೀನುಗಳೂ ದೊರೆತವು. ಆದರೆ ಆ ಎರಡರಿಂದಲೇ ಕಟ್ಟಿದ ಬಾಗಿಲು ಗಾಬಾಕ್ಕೆ ತೆರೆದರೂ ಮಾತ್ರೆಗೆ ಸರಿಯಾಗಿ ಓಗೊಡಲಿಲ್ಲ. ಅಂದರೆ ಏನೋ ಒಂದು ಬಿಡಿಭಾಗ ಕೈತಪ್ಪಿತ್ತು. 1989ರಲ್ಲಿ ಜರ್ಮನಿಯ ಪೀಟರ್ ಸೀಬುರ್ಗ್ ಅವರ ತಂಡಕ್ಕೆ ಗಾಮಾ-2 ಎಂಬ ಉಪಘಟಕ ಸಿಕ್ಕಿತು. ಅದನ್ನು ಸೇರಿಸಿದೊಡನೆ ಮಾತ್ರೆಯ ಗುಣ ಕಾಣಿಸಿತು.

ಮನುಷ್ಯನಲ್ಲಿ ಇಂಥ ಉಪಘಟಕಗಳು 19 ಇವೆ. ಐದು ಸೇರಿ ಒಂದು ಉಂಗುರ. ಸಾಮಾನ್ಯವಾಗಿ ಎರಡು ಆಲ್ಫಾ, ಎರಡು ಬೀಟಾ, ಒಂದು ಗಾಮಾ. ಆಲ್ಫಾ ಮತ್ತು ಗಾಮಾಗಳ ನಡುವಣ ಸಂದಿನಲ್ಲಿ ಮಾತ್ರೆಗೆ ಸ್ಥಾನ. 2025ರಲ್ಲಿ ಅಪಸ್ಮಾರದ ಶಸ್ತ್ರಚಿಕಿತ್ಸೆಯಲ್ಲಿ ತೆಗೆದ ಮಿದುಳಿನ ತುಣುಕುಗಳಿಂದಲೇ ಈ ಗ್ರಾಹಿಗಳನ್ನು ಬೇರ್ಪಡಿಸಿ, ಅವುಗಳ ಬಗೆಬಗೆಯ ಜೋಡಣೆಗಳನ್ನು ವಿಜ್ಞಾನಿಗಳು ಕಂಡರು.

ಮಾತ್ರೆ ಇಲ್ಲಿ ಕೂರುತ್ತದೆಂದ ಮಾತ್ರಕ್ಕೆ ದೋಷವೂ ಇಲ್ಲಿಯೇ ಇದೆಯೆಂದು ತಿಳಿಯಬಾರದು. ಕೆಲವು ಕುಟುಂಬಗಳಲ್ಲಿ ಈ ಕಾಯಿಲೆಯ ಜಾಡನ್ನು ಬೆಂಗಳೂರಿನ ವಿಜ್ಞಾನಿಗಳು 2009ರಲ್ಲಿ ಹತ್ತನೆಯ ವರ್ಣತಂತುವಿನ ಒಂದು ಭಾಗದವರೆಗೆ ಹಿಂಬಾಲಿಸಿದ್ದಾರೆ.

ಮಡಕಶಿರಾದ ನೆರೆಯ ಗೌರಿಬಿದನೂರಿಗೇ ನಿಮ್ಹಾನ್ಸ್‌ನ ವೈದ್ಯರು ಶಿಬಿರಕ್ಕಾಗಿ ಬರುತ್ತಿದ್ದರೆಂಬುದು ನನಗೆ ತಿಳಿದದ್ದು ಬಹಳ ತಡವಾಗಿ. ಆ ಹುಡುಗನ ಊರಿನಿಂದ ಅದು ಬಸ್ಸಿನ ದಾರಿ.