ಯುರೇನಿಯಮಿನ ಎರಡು ರೇಖೆಗಳು

ಲಾಗರಿತಮ್ ಎಂದೊಡನೆ ವಿದ್ಯಾರ್ಥಿಗಳ ನೆನಪಿಗೆ ಬರುವುದು ಉದ್ದುದ್ದನೆಯ ಗುಣಾಕಾರ. ಅದಕ್ಕಿಂತ ಹಿರಿದಾದ ಕೆಲಸವೊಂದು ಅದಕ್ಕುಂಟು. ನಮಗೆ ಬೇಕಾದ ಸಂಖ್ಯೆ ಘಾತಾಂಕದ ಸ್ಥಾನದಲ್ಲಿ ಅಡಗಿ ಕುಳಿತಾಗ, ಅದನ್ನು ಕೆಳಗಿಳಿಸಿ ನಮ್ಮ ಕೈಗೆ ಕೊಡುವುದು ಲಾಗರಿತಮ್ಮೇ. ಅದರ ನೆರವಿನಿಂದ ನಾವು ಭೂಮಿಯ ಜನನಕ್ಕಿಂತಲೂ ಹಿಂದಿನ ಕಾಲವನ್ನು ಇಣಿಕಿ ನೋಡಬಹುದು.

ನಿಸರ್ಗದಲ್ಲಿ ದೊರೆಯುವ ಯುರೇನಿಯಮಿನಲ್ಲಿ ಮುಖ್ಯವಾಗಿ ಎರಡು ಬಗೆಯ ಪರಮಾಣುಗಳಿವೆ: ಯುರೇನಿಯಂ-238 ಮತ್ತು ಯುರೇನಿಯಂ-235. ಎರಡೂ ವಿಕಿರಣವನ್ನು ಸೂಸುತ್ತ ತಾವಾಗಿಯೇ ಕ್ಷಯಿಸುತ್ತವೆ. ಮೊದಲನೆಯದು ಅರ್ಧಕ್ಕಿಳಿಯಲು 446.8 ಕೋಟಿ ವರ್ಷ ಬೇಕು, ಎರಡನೆಯದಕ್ಕೆ 70.4 ಕೋಟಿ ವರ್ಷ ಸಾಕು. ಈ ಅವಧಿಗೆ ಅರ್ಧಾಯು ಎಂದು ಹೆಸರು. ಇಂದು 235ರ ಒಂದು ಪರಮಾಣುವಿಗೆ 238ರ ಸುಮಾರು 137.8 ಪರಮಾಣುಗಳಿವೆ.

ಕಾಲದಲ್ಲಿ ಹಿಂದಕ್ಕೆ ಸರಿದಂತೆಲ್ಲ ಎರಡರ ಮೊತ್ತವೂ ಹೆಚ್ಚುತ್ತ ಹೋಗುತ್ತದೆ. ನಕ್ಷೆಯಲ್ಲಿ 238ರ ವಕ್ರರೇಖೆ ಮೆಲ್ಲಗೆ ಏರಿದರೆ, 235ರದು ಕಡಿದಾಗಿ ಏರುತ್ತದೆ. ಹಾಗಾದರೆ ಎಲ್ಲಿಯೋ ಒಂದೆಡೆ ಅವು ಸಂಧಿಸಲೇಬೇಕಲ್ಲವೆ? ಅಲ್ಲಿ ಎರಡರ ಮೊತ್ತವೂ ಸಮ.

ಆ ಕಾಲವು ಇಂದಿಗೆ 'ಕ' ಕೋಟಿ ವರ್ಷ ಹಿಂದಿನದೆನ್ನೋಣ. ಇಂದಿನ 235ರ ಮೊತ್ತವನ್ನು 1 ಎಂದು ಎಣಿಸಿದರೆ, ಅಂದು ಅದು 2ರ (ಕ/70.4)ನೆಯ ಘಾತದಷ್ಟಿತ್ತು. 238ರ ಮೊತ್ತವಾದರೋ 2ರ (ಕ/446.8)ನೆಯ ಘಾತವನ್ನು 137.8ರಿಂದ ಗುಣಿಸಿದಷ್ಟು. ಎರಡನ್ನೂ ಸಮವೆಂದು ಬರೆದು ಲಾಗರಿತಮ್ ತೆಗೆದುಕೊಳ್ಳೋಣ. 2ರ ಲಾಗರಿತಮ್ 0.3010, 137.8ರದು 2.1392.

0.3010 × ಕ/70.4 = 2.1392 + 0.3010 × ಕ/446.8

ಘಾತಾಂಕವು ಕೆಳಗಿಳಿಯಿತು, ಗುಣಾಕಾರವು ಸಂಕಲನವಾಯಿತು, ವಕ್ರರೇಖೆಗಳೆರಡೂ ಸರಳರೇಖೆಗಳಾದುವು. ಓರೆ ಬೇರೆ ಬೇರೆಯಾಗಿರುವ ಎರಡು ಸರಳರೇಖೆಗಳು ಒಂದೇ ಒಂದು ಬಿಂದುವಿನಲ್ಲಿ ಸಂಧಿಸುತ್ತವೆ. ಆದುದರಿಂದ ಉತ್ತರವೂ ಒಂದೇ:

0.003602 × ಕ = 2.1392; ಕ = 594

ಎಂದರೆ ಸುಮಾರು 594 ಕೋಟಿ ವರ್ಷಗಳ ಹಿಂದೆ. ಭೂಮಿಯ ವಯಸ್ಸಾದರೋ ಸುಮಾರು 454 ಕೋಟಿ ವರ್ಷ!

ಇದೇ ಬಗೆಯ ತರ್ಕವನ್ನು 1929ರಲ್ಲಿ ರುದರ್‌ಫರ್ಡ್ ಬಳಸಿದನು. ಎರಡೂ ಬಗೆಗಳು ಸಮವಾಗಿ ಹುಟ್ಟಿದುವೆಂದು ಊಹಿಸಿ 340 ಕೋಟಿ ವರ್ಷವೆಂಬ ಉತ್ತರವನ್ನು ಪಡೆದನು. ತರ್ಕದಲ್ಲಿ ಕುಂದಿರಲಿಲ್ಲ, ಅಂದಿನ ಅಳತೆಗಳು ನಿಖರವಾಗಿರಲಿಲ್ಲ.

ಹಾಗೆಂದು ಛೇದನಬಿಂದುವೇ ಯುರೇನಿಯಮಿನ ಜನ್ಮದಿನವೆಂದು ನಾವು ಭಾವಿಸಬಾರದು. ಅದು ಒಂದೇ ಸಲಕ್ಕೆ ಹುಟ್ಟಿತೆ, ಸಮಪಾಲಿನಲ್ಲಿ ಹುಟ್ಟಿತೆ ಎಂಬುದನ್ನು ಗಣಿತ ಹೇಳಲಾರದು; ಅದನ್ನು ಹೇಳಬೇಕಾದುದು ಭೌತಶಾಸ್ತ್ರ. ನಕ್ಷತ್ರಗಳ ಲೋಕದಲ್ಲಿ ಯುರೇನಿಯಂ ರೂಪುಗೊಳ್ಳುವಾಗ 235ರ ಪಾಲೇ ತುಸು ಹೆಚ್ಚೆಂದು ಇಂದಿನ ಸಿದ್ಧಾಂತ. ಭೂಮಿ ಮೂಡಿದ ವೇಳೆಗಾದರೋ 235ರ ಒಂದಕ್ಕೆ 238ರ ಮೂರಕ್ಕಿಂತ ತುಸು ಹೆಚ್ಚು ಪರಮಾಣುಗಳಿದ್ದುವೆಂದು ನಮ್ಮ ರೇಖೆಗಳೇ ಸಾರುತ್ತವೆ. ಕ್ಷಯ ಅದಕ್ಕೂ ಬಹು ಮೊದಲೇ ಆರಂಭವಾಗಿತ್ತೆಂದಾಯಿತು. ನಾವು ನಿಂತ ನೆಲದಲ್ಲಿ ನೆಲಕ್ಕಿಂತಲೂ ಹಳೆಯ ಪರಮಾಣುಗಳಿವೆ.