ದಂಡವಿಲ್ಲದ ಆಯೋಗ

ಅಮೆರಿಕ ಸಂಯುಕ್ತ ಸಂಸ್ಥಾನದ ವಾಯವ್ಯ ಮೂಲೆಯಲ್ಲಿ, ಕಡಲ ಚಾಚಿಗೂ ಹಿಮಗಿರಿಗಳಿಗೂ ನಡುವೆ ಸಿಯಾಟಲ್ ನಗರವಿದೆ. ದಕ್ಷಿಣದ ಪ್ರಾಂತಗಳಲ್ಲಿದ್ದಂತೆ ವರ್ಣಭೇದವನ್ನು ವಿಧಿಸುವ ಶಾಸನಗಳು ಇಲ್ಲಿರಲಿಲ್ಲ. ಆದರೂ 1960ರ ಜನಗಣತಿಯ ವೇಳೆಗೆ ಅಲ್ಲಿದ್ದ ಸುಮಾರು 27 ಸಾವಿರ ಕಪ್ಪು ಜನಾಂಗದವರಲ್ಲಿ ಬಹುಪಾಲು ಮಂದಿ ಸೆಂಟ್ರಲ್ ಡಿಸ್ಟ್ರಿಕ್ಟ್ ಎಂಬ ಒಂದೇ ಭಾಗದಲ್ಲಿ ಒತ್ತೊತ್ತಾಗಿ ವಾಸಿಸುತ್ತಿದ್ದರು. ಬೇರೆಡೆ ಅವರಿಗೆ ಮನೆ ದೊರೆಯುತ್ತಿರಲಿಲ್ಲ. ಎಷ್ಟೋ ಬಡಾವಣೆಗಳ ಕ್ರಯಪತ್ರಗಳಲ್ಲಿಯೇ ಬಿಳಿಯರಲ್ಲದವರಿಗೆ ಮನೆ ಮಾರಕೂಡದೆಂಬ ಷರತ್ತು ಇತ್ತು. ಅಂಥ ಷರತ್ತನ್ನು ನ್ಯಾಯಾಲಯಗಳು ಜಾರಿಗೊಳಿಸಲಾಗದೆಂದು ಅಲ್ಲಿನ ಸುಪ್ರೀಂ ಕೋರ್ಟು 1948ರಲ್ಲಿ ತೀರ್ಪಿತ್ತ ಮೇಲೂ ವಾಡಿಕೆ ಅಳಿಯಲಿಲ್ಲ. ಬಾಡಿಗೆಯ ಮಾತಿಗೆ ಮೊದಲೇ ‘ತಾವು ಯಾವ ಜನ?’ ಎಂಬ ಪ್ರಶ್ನೆಯನ್ನು ಕೇಳಿಸಿಕೊಂಡಿರುವ ನಮ್ಮ ನಗರವಾಸಿಗಳಿಗೆ ಇದನ್ನು ಹೆಚ್ಚು ವಿವರಿಸಬೇಕಾಗಿಲ್ಲ.

ಜನರ ಒತ್ತಾಯ ಬಲವಾದಾಗ, 1963ರ ಜುಲೈಯಲ್ಲಿ, ನಗರಾಡಳಿತವು ಹನ್ನೆರಡು ನಾಗರಿಕರ ಮಾನವ ಹಕ್ಕುಗಳ ಆಯೋಗವೊಂದನ್ನು ರಚಿಸಿತು. ಹನ್ನೆರಡರಲ್ಲಿ ಕಪ್ಪು ಜನಾಂಗದವರು ಇಬ್ಬರೇ! ಯಾರ ಕಷ್ಟವನ್ನು ಪರಿಹರಿಸಲು ಆಯೋಗ ಹುಟ್ಟಿತೋ ಅವರಿಗೇ ಅದರಲ್ಲಿ ಸ್ಥಾನ ಕಡಿಮೆಯೆಂದು ರೊಚ್ಚಿಗೆದ್ದ ಸುಮಾರು 35 ಮಂದಿ ತರುಣ ತರುಣಿಯರು ಮೇಯರ್ ಗಾರ್ಡನ್ ಕ್ಲಿಂಟನ್ನರ ಕಚೇರಿಯಲ್ಲಿ ಹೆಚ್ಚುಕಡಿಮೆ ಇಡೀ ಒಂದು ದಿನ ಧರಣಿ ಕುಳಿತರು. ಅವರ ಆಕ್ಷೇಪಣೆ ನ್ಯಾಯವಾದುದೇ ಆಗಿತ್ತು.

ಆಯೋಗ ಕೈಗೆತ್ತಿಕೊಂಡ ಮೊದಲ ಕಾರ್ಯವೆಂದರೆ ಮುಕ್ತ ವಸತಿ ಶಾಸನದ ಕರಡು. ಜನಾಂಗ, ವರ್ಣ, ಧರ್ಮಗಳ ಕಾರಣದಿಂದ ಮನೆ ಕೊಡಲು ನಿರಾಕರಿಸುವುದು ಅಪರಾಧವೆಂಬುದು ಅದರ ತಿರುಳು. ನಗರಸಭೆಯ ಸದಸ್ಯರಿಗೆ ಅದನ್ನು ತಾವೇ ಅಂಗೀಕರಿಸುವ ಧೈರ್ಯ ಬರಲಿಲ್ಲ; ಮತದಾರರ ತಲೆಗೆ ಕಟ್ಟಿದರು. ಸ್ವಂತ ಸೊತ್ತನ್ನು ಯಾರಿಗೆ ಮಾರಬೇಕೆಂಬುದು ಯಜಮಾನನ ಹಕ್ಕೆಂದು ವಿರೋಧಿಗಳು ಸಾರಿದರು. 1964ರ ಮಾರ್ಚ್ 10ರಂದು ಮತಗಳನ್ನು ಎಣಿಸಿದಾಗ ಪರವಾಗಿ 54,448, ವಿರೋಧವಾಗಿ 1,15,627. ಅದೇ ದಿನ ಮೇಯರ್ ಪದವಿಗೆ ಆರಿಸಿ ಬಂದ ಡಾರ್ಮ್ ಬ್ರಾಮನ್ನರೂ ಶಾಸನದ ವಿರೋಧಿಯೇ.

ಸಲಹೆ ನೀಡುವುದರ ಹೊರತು ಬೇರೆ ಬಲವಿಲ್ಲದ ಆಯೋಗಕ್ಕೆ ಇದಕ್ಕಿಂತ ದೊಡ್ಡ ಅವಮಾನವುಂಟೆ? ಇಂಥ ಸಮಿತಿಗಳೆಲ್ಲ ಕಣ್ಣೊರೆಸುವ ತಂತ್ರವೆಂದು ಹೇಳುವವರಿಗೆ ಒಳ್ಳೆಯ ಸಾಕ್ಷಿ ದೊರೆತಂತಾಯಿತು. ಆದರೆ ಬೇಡಿಕೆ ಸಾಯಲಿಲ್ಲ. 1967ರಲ್ಲಿ ಸ್ಯಾಮ್ ಸ್ಮಿತ್ ನಗರಸಭೆಗೆ ಆಯ್ಕೆಯಾದರು. ಆ ಸಭೆಯಲ್ಲಿ ಕುಳಿತ ಮೊದಲ ಕಪ್ಪು ಸದಸ್ಯರು ಅವರು. ಮರುವರ್ಷ ಏಪ್ರಿಲ್ 4ರಂದು ಮಾರ್ಟಿನ್ ಲೂಥರ್ ಕಿಂಗ್ ಗುಂಡೇಟಿಗೆ ಬಲಿಯಾದರು. ದೇಶವೆಲ್ಲ ಹೊತ್ತಿ ಉರಿಯಿತು. ಹದಿನೈದು ದಿನಗಳ ತರುವಾಯ, ಏಪ್ರಿಲ್ 19ರಂದು, ಸಿಯಾಟಲ್ ನಗರಸಭೆ ಮುಕ್ತ ವಸತಿ ಶಾಸನವನ್ನು ಒಮ್ಮತದಿಂದ ಅಂಗೀಕರಿಸಿತು. ಈ ಸಲ ಮತದಾರರನ್ನು ಕೇಳಲಿಲ್ಲ.

ಆಯೋಗ ಇಂದಿಗೂ ಇದೆ. ಸದಸ್ಯರು ಸ್ವಯಂಸೇವಕರು. ದೂರುಗಳ ತನಿಖೆ ನಗರದ ನಾಗರಿಕ ಹಕ್ಕುಗಳ ಕಚೇರಿಯ ಹೊಣೆ. ಆ ಕಚೇರಿಯ ನಿರ್ಣಯದಿಂದ ಅತೃಪ್ತರಾದವರ ಮೇಲ್ಮನವಿಯನ್ನು ಆಲಿಸುವುದು, ನಗರಸಭೆಗೆ ಸಲಹೆ ನೀಡುವುದು ಇವರ ಕೆಲಸ. ಭೇದವೆಣಿಸಬಾರದ ಕಾರಣಗಳ ಪಟ್ಟಿಗೆ ಕಾಲಕಾಲಕ್ಕೆ ಲಿಂಗ, ಅಂಗವೈಕಲ್ಯ ಮುಂತಾದುವು ಸೇರುತ್ತ ಬಂದುವು.

2023ರ ಫೆಬ್ರವರಿ 21ರಂದು ಅದೇ ಪಟ್ಟಿಗೆ ಸೇರಿದ ಪದ ಕನ್ನಡಿಗರಿಗೆ ಚಿರಪರಿಚಿತವಾದುದು: ಜಾತಿ. ಪುಣೆಯಲ್ಲಿ ಹುಟ್ಟಿದ ಸದಸ್ಯೆ ಕ್ಷಮಾ ಸಾವಂತ್ ಮಂಡಿಸಿದ ಮಸೂದೆಗೆ ಆರು ಮತಗಳು ಪರವಾಗಿ, ಒಂದು ವಿರೋಧವಾಗಿ ಬಿದ್ದವು. ಅಮೆರಿಕದ ನಗರವೊಂದು ಇಂಥ ನಿಷೇಧ ವಿಧಿಸಿದ್ದು ಅದೇ ಮೊದಲು. ಇದು ಒಂದೇ ಸಮುದಾಯದತ್ತ ಬೆರಳು ತೋರಿಸಿದಂತಾಗುತ್ತದೆಂದು ಅಲ್ಲಿನ ಭಾರತೀಯರಲ್ಲೇ ಕೆಲವರು ಪ್ರತಿಭಟಿಸಿದರು. ಸಾಗರ ದಾಟಿದರೂ ಜಾತಿ ಬೆನ್ನು ಬಿಡದೆಂದು ಇನ್ನು ಕೆಲವರು ಸಭೆಯ ಮುಂದೆ ಹೇಳಿಕೊಂಡರು. ಅದೇ ವರ್ಷ ಕ್ಯಾಲಿಫೋರ್ನಿಯದ ಶಾಸನಸಭೆ ಒಪ್ಪಿದ ಇಂಥದೇ ಮಸೂದೆಗೆ ಅಲ್ಲಿನ ಗವರ್ನರು, ಈಗಿರುವ ಕಾನೂನೇ ಸಾಕೆಂದು ಹೇಳಿ, ಅಕ್ಟೋಬರ್‌ನಲ್ಲಿ ಅಂಕಿತ ಹಾಕಲು ನಿರಾಕರಿಸಿದರು.